ಬೆಳ್ಳಾವಿಯ ಹಾಡು, ಮೈಸೂರಿನ ರೆಕಾರ್ಡು

ಸುಗ್ಗಿ ಮುಗಿದು ಹೊಲದ ಕೆಲಸ ಹಗುರಾಯಿತೆಂದರೆ ತುಮಕೂರು ಸೀಮೆಯ ಹಳ್ಳಿಗಳಲ್ಲಿ ನಾಟಕದ ಕಾಲ ಶುರು. ಬಸ್ ನಿಲ್ದಾಣದಲ್ಲಿ ಪಾತ್ರಧಾರಿಗಳ ಫೋಟೊ ತುಂಬಿದ ಫ್ಲೆಕ್ಸು, ಊರ ಮುಂದಿನ ಬಯಲಿನಲ್ಲಿ ಬಾಡಿಗೆಗೆ ತಂದ ಡ್ರಾಮಾ ಸೀನರಿ, ಅದರ ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು. ಹಗಲು ಅಡಿಕೆ ತೋಟಕ್ಕೆ ನೀರು ಹಾಯಿಸುವವನು ರಾತ್ರಿ ದುರ್ಯೋಧನ. ಹಾಲಿನ ಡೇರಿಯ ಲೆಕ್ಕ ಬರೆಯುವವನು ಶಕುನಿ. ಪಾತ್ರಕ್ಕೆ ಇಷ್ಟೆಂದು ಕೈಯಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ಮೇಷ್ಟ್ರ ಮುಂದೆ ಕೂತು ಕಂದ, ವೃತ್ತ, ಹಾಡು ಕಲಿತವರು ಇವರು. ರಾತ್ರಿ ಶುರುವಾದ ‘ಕುರುಕ್ಷೇತ್ರ’ ಕೋಳಿ ಕೂಗುವ ಹೊತ್ತಿಗೂ ಮುಗಿಯುವುದಿಲ್ಲ. ಚೆನ್ನಾಗಿ ಹಾಡಿದವನಿಗೆ ‘ಒನ್ಸ್ ಮೋರ್’ ಎಂಬ ಕೂಗು ಇಂದಿಗೂ ಏಳುತ್ತದೆ.

ಆ ಹಾಡು ಬರೆದವರು ಯಾರು ಎಂದು ಕೇಳಿದರೆ ಬಹಳ ಕಡೆ ಸಿಗುವ ಉತ್ತರ ಒಂದೇ: ‘ಅದು ಕಂಪನಿ ಹಾಡು.’

ಕಂಪನಿ ಹಾಡು ಬರೆಯುವುದಿಲ್ಲ. ಯಾರೋ ಒಬ್ಬರು ದೀಪದ ಮುಂದೆ ಕೂತು, ನಟನ ಕಂಠಕ್ಕೆ ಒಗ್ಗುವ ಹಾಗೆ, ಸನ್ನಿವೇಶಕ್ಕೆ ಹೊಂದುವ ಹಾಗೆ ಪದ ಹೊಸೆದು ಬರೆದದ್ದು ಅದು. ಹಾಗೆ ಬರೆದವರಲ್ಲಿ ದೊಡ್ಡ ಹೆಸರು ಇದೇ ಜಿಲ್ಲೆಯವರದು. ತುಮಕೂರು ತಾಲ್ಲೂಕಿನ ಬೆಳ್ಳಾವಿಯ ನರಹರಿ ಶಾಸ್ತ್ರಿ. ಊರ ಹೆಸರನ್ನು ಮುಂದಿಟ್ಟುಕೊಂಡು ಬೆಳ್ಳಾವೆ ನರಹರಿ ಶಾಸ್ತ್ರಿ ಎಂದೇ ರಂಗಭೂಮಿಯಲ್ಲಿ ಹೆಸರಾದರು. 1882ರಲ್ಲಿ ಹುಟ್ಟಿ 1961ರಲ್ಲಿ ತೀರಿಕೊಂಡರು. ‘ಸದಾರಮೆ’, ‘ಕೃಷ್ಣಲೀಲಾ’ದಂಥ ನಾಟಕಗಳು ಅವರ ಹೆಸರಿನೊಂದಿಗೆ ಬೆಸೆದುಕೊಂಡಿವೆ. ಕನ್ನಡ ಸಿನಿಮಾ ಇತಿಹಾಸ ಓದಿದವರಿಗೆ ಅವರು ಇನ್ನೊಂದು ಕಾರಣಕ್ಕೆ ಗೊತ್ತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಸಂಭಾಷಣೆ, ಹಾಡು ಎರಡನ್ನೂ ಬರೆದವರು ಅವರೇ. ಕನ್ನಡ ತೆರೆಯ ಮೇಲೆ ಮೊದಲು ಕೇಳಿಸಿದ ಪದಗಳು ಬೆಳ್ಳಾವಿಯ ಮಣ್ಣಿನಿಂದ ಬಂದವು.

ಆ ಚಿತ್ರ ಇಂದು ಇಲ್ಲ. ವೈ.ವಿ. ರಾವ್ ನಿರ್ದೇಶನ, ಚಮನ್‌ಲಾಲ್ ಡೂಂಗಾಜಿ ನಿರ್ಮಾಣ, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್, ಕೊಲ್ಹಾಪುರದ ಸ್ಟುಡಿಯೊದಲ್ಲಿ ಚಿತ್ರೀಕರಣ ಎಂಬ ವಿವರಗಳೆಲ್ಲ ಉಳಿದಿವೆ, ಪ್ರಿಂಟು ಉಳಿದಿಲ್ಲ. ಪ್ರತಿ ಮಾರ್ಚ್ 3 ಬಂದಾಗ ಕನ್ನಡಿಗರು ನೆನೆಯುವುದು ನೋಡಲಾಗದ ಒಂದು ಚಿತ್ರವನ್ನು, ಕೇಳಲಾಗದ ಅದರ ಹಾಡುಗಳನ್ನು.

ಬೆಳ್ಳಾವೆಯವರ ಹಾಡಿನ ಹಿಂದಿನ ಜಗತ್ತು ಕಾಣಬೇಕಾದರೆ ಗುಬ್ಬಿಗೆ ಹೋಗಬೇಕು. ಅಲ್ಲಿ 1884ರಲ್ಲಿ ಚನ್ನಬಸವೇಶ್ವರನ ಹೆಸರಿನಲ್ಲಿ ಹುಟ್ಟಿದ ನಾಟಕ ಸಂಘವೇ ಮುಂದೆ ‘ಗುಬ್ಬಿ ಕಂಪನಿ’ಯಾಯಿತು. ಬಾಲನಟನಾಗಿ ಸೇರಿದ ವೀರಣ್ಣ 1917ರಲ್ಲಿ ಅದರ ಮಾಲೀಕರಾದರು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದರು. 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು ಎಂಬುದು ಹಳೆಯ ತಲೆಮಾರಿನವರು ಇಂದಿಗೂ ಹೇಳಿಕೊಳ್ಳುವ ಮಾತು. ರಾಜ್‌ಕುಮಾರ್, ಅವರ ತಂದೆ ಪುಟ್ಟಸ್ವಾಮಯ್ಯ, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು, ಬಾಲಕನಾಗಿದ್ದಾಗ ಬಿ.ವಿ. ಕಾರಂತ, ಎಲ್ಲರೂ ಈ ಕಂಪನಿಯ ಅನ್ನ ಉಂಡವರು. ರಾಜ್‌ಕುಮಾರ್ ಕಂಠದಲ್ಲಿ ಕನ್ನಡಿಗರು ಮೆಚ್ಚಿದ ಆ ಸ್ಪಷ್ಟ ಉಚ್ಚಾರ, ಕೊನೆಯ ಅಕ್ಷರವನ್ನೂ ನುಂಗದ ಆ ಶಿಸ್ತು ಕಂಪನಿ ನಾಟಕದ ಪಾಠಶಾಲೆಯದು.

ಕಂಪನಿ ಕಾಲದ ನಾಟಕಕ್ಕೆ ಹಾಡೇ ಬೆನ್ನೆಲುಬು. ಮೈಕು ಇರಲಿಲ್ಲ. ಟೆಂಟಿನ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಮಾತು ಮುಟ್ಟಬೇಕಿತ್ತು. ಅದಕ್ಕಾಗಿ ಏರು ಶ್ರುತಿ, ತುಂಬು ಕಂಠ, ಕಾಲು ಹಾರ್ಮೋನಿಯಂ. ರಾಜ ಸಿಟ್ಟಾದರೆ ವೃತ್ತ, ನಾಯಕಿ ಅತ್ತರೆ ಹಾಡು, ಇಬ್ಬರು ಜಗಳವಾಡಿದರೆ ಕಂದದಲ್ಲಿ ಸವಾಲು ಜವಾಬು. ಹಾಡಿನ ಧಾಟಿಗೆ ಕಂಪನಿಯವರ ಮಾತು ‘ಮಟ್ಟು’. ಕರ್ನಾಟಕ ಸಂಗೀತದ ರಾಗ ಒಂದು ಕಡೆ, ಪಾರ್ಸಿ ಮತ್ತು ಮರಾಠಿ ನಾಟಕಗಳಿಂದ ಬಂದ ಹಿಂದೂಸ್ತಾನಿ ಚೀಜುಗಳು ಇನ್ನೊಂದು ಕಡೆ. ಜನಪ್ರಿಯವಾದ ಮಟ್ಟಿಗೆ ಕನ್ನಡದ ಪದ ಕೂರಿಸುವುದು ನಾಟಕಕಾರನ ಕಸುಬು. ಕೇಳಿದಷ್ಟು ಸುಲಭವಲ್ಲ ಅದು. ಪರಭಾಷೆಯ ಧಾಟಿಯ ಏಟು ಬೀಳುವ ಕಡೆ ಕನ್ನಡದ ದೀರ್ಘ ಬರಬೇಕು, ತಾನ ಹಾಕುವ ಕಡೆ ‘ಆ’ಕಾರ ಸಿಗಬೇಕು, ಅರ್ಥವೂ ಕೆಡಬಾರದು. ಬೆಳ್ಳಾವೆಯವರು ಈ ಕಸುಬಿನಲ್ಲಿ ಪಳಗಿದವರು.

ಅವರ ಹೆಸರು ಮಸುಕಾದದ್ದಕ್ಕೆ ಕಾರಣವೂ ಈ ಕಸುಬಿನಲ್ಲೇ ಇದೆ. ಪದ ಒಬ್ಬರದು, ಮಟ್ಟು ಇನ್ನೊಬ್ಬರದು, ಅದನ್ನು ತಿದ್ದಿ ತೀಡಿದ್ದು ಹಾರ್ಮೋನಿಯಂ ಮೇಷ್ಟ್ರು, ಮೆರೆಸಿದ್ದು ನಟ. ಜನಕ್ಕೆ ನೆನಪಿರುವುದು ಕೊನೆಯವನು. ಟೆಂಟಿನ ಬಾಗಿಲಲ್ಲಿ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಪದ ಇರುತ್ತಿತ್ತು, ಮೇಲೆ ರಾಗ ತಾಳದ ಹೆಸರೋ ಇಂಥ ಹಾಡಿನ ಮಟ್ಟು ಎಂಬ ಒಂದು ಸಾಲೋ ಇರುತ್ತಿತ್ತು. ಸ್ವರಲಿಪಿ ಇರುತ್ತಿರಲಿಲ್ಲ. ಆ ಮೂಲ ಹಾಡೇ ಮರೆತುಹೋದ ಮೇಲೆ ಪುಸ್ತಕದಲ್ಲಿ ಉಳಿದದ್ದು ದನಿಯಿಲ್ಲದ ಅಕ್ಷರ.

ಇದೇ ಜಿಲ್ಲೆಯ ಕುಣಿಗಲ್ಲಿಗೆ ಬಂದರೆ ಕಥೆ ಬೇರೆ. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಆ ಕೆರೆಯನ್ನು ಕಣ್ಣಿನಿಂದ ನೋಡದವರೂ ಹಾಡಿನಲ್ಲಿ ನೋಡಿದ್ದಾರೆ. ಅದನ್ನು ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಆದರೂ ಅದು ಬದುಕಿದೆ. ಹೊಲದಿಂದ ಶಾಲೆಗೆ, ಶಾಲೆಯಿಂದ ರೇಡಿಯೊಗೆ, ರೇಡಿಯೊದಿಂದ ಕ್ಯಾಸೆಟ್ಟಿಗೆ, ಈಗ ಮೊಬೈಲಿಗೆ, ಹೀಗೆ ತಲೆಮಾರಿಗೊಮ್ಮೆ ಹೊಸ ಕಂಠ ಅದನ್ನು ಹಾಡಿದೆ, ಹೊಸ ಯಂತ್ರ ಅದನ್ನು ಹಿಡಿದಿದೆ. ಕರ್ತೃ ಗೊತ್ತಿಲ್ಲದ ಹಾಡು ಉಳಿಯಿತು, ಕರ್ತೃ ಗೊತ್ತಿದ್ದ ಹಾಡುಗಳು ಹೋದವು. ಎರಡರ ನಡುವಿನ ವ್ಯತ್ಯಾಸ ಗುಣದ್ದಲ್ಲ. ಒಂದನ್ನು ಮತ್ತೆ ಮತ್ತೆ ಹಾಡಿ ಧ್ವನಿಮುದ್ರಿಸಿದರು, ಇನ್ನೊಂದನ್ನು ಬಿಟ್ಟರು, ಅಷ್ಟೇ.

ಮರೆತ ವಾಗ್ಗೇಯಕಾರನೊಬ್ಬನನ್ನು ರೆಕಾರ್ಡಿನ ಮೂಲಕ ಮತ್ತೆ ಕಿವಿಗೆ ತರುವ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಕನ್ನಡನಾಡಿಗೇ ಸೇರಿದ ಒಂದು ದೊಡ್ಡ ಉದಾಹರಣೆ ಇದೆ. ಇದು ಸಂಗೀತದವರ ವಲಯ ಬಿಟ್ಟು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಆ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ರಷ್ಯದವನು. ಹುಟ್ಟಿದ್ದು 1880ರಲ್ಲಿ, ಅಂದರೆ ಬೆಳ್ಳಾವೆಯವರಿಗಿಂತ ಎರಡು ವರ್ಷ ಹಿರಿಯ. ಪುಶ್ಕಿನ್, ಗಯಟೆ ಮೊದಲಾದವರ ಕವಿತೆಗಳಿಗೆ ಪಿಯಾನೊ ಜೊತೆಗೂಡಿಸಿ ನೂರಕ್ಕೂ ಹೆಚ್ಚು ಹಾಡು ಕಟ್ಟಿದ. ನಮ್ಮ ಭಾವಗೀತೆ ಗಾಯನಕ್ಕೆ ಹತ್ತಿರವಾದ ಪದ್ಧತಿ ಅದು. ಕವಿಯ ಪದವೇ ಮುಖ್ಯ, ವಾದ್ಯ ಅದರ ಅರ್ಥವನ್ನು ಹಿಡಿದು ನಡೆಯುತ್ತದೆ. ಕ್ರಾಂತಿಯ ನಂತರ ದೇಶ ಬಿಟ್ಟು, ಬರ್ಲಿನ್, ಪ್ಯಾರಿಸ್ ಸುತ್ತಿ ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ. ಹೊಸ ಕಾಲದ ಸಂಗೀತಗಾರರಿಗೆ ಅವನು ಹಳೆಯವನಾಗಿ ಕಂಡ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪಾಠದ ಆದಾಯವೂ ನಿಂತಿತು, ಆರೋಗ್ಯವೂ ಕೆಟ್ಟಿತು.

ಆಗ ಅವನ ಕೈಹಿಡಿದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಈ ಮಹಾರಾಜರು ಪಿಯಾನೊ ಕಲಿತವರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಆದವರು. ಅರಮನೆಯಲ್ಲಿ ಸಾವಿರಾರು ರೆಕಾರ್ಡುಗಳ ಸಂಗ್ರಹ ಇಟ್ಟುಕೊಂಡವರು. 1940ರ ದಶಕದ ಕೊನೆಯಲ್ಲಿ ಅವರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್‌ಎಂವಿ ಕಂಪನಿ ಮೆಟ್ನರನನ್ನೇ ಪಿಯಾನೊ ಮುಂದೆ ಕೂರಿಸಿ ಅವನ ಮೂರು ಕನ್ಸರ್ಟೊಗಳನ್ನೂ ಸೊನಾಟಾಗಳನ್ನೂ ಹಾಡುಗಳನ್ನೂ ಧ್ವನಿಮುದ್ರಿಸಿತು. ಹಾಡುಗಳಿಗೆ ದನಿ ಕೊಟ್ಟವರಲ್ಲಿ ಆ ಕಾಲದ ಹೆಸರಾಂತ ಗಾಯಕಿ ಎಲಿಸಬೆತ್ ಶ್ವಾರ್ಜ್‌ಕಾಫ್ ಕೂಡ ಇದ್ದರು. ಮೆಟ್ನರ್ ತನ್ನ ಮೂರನೆಯ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಸಾಯುವ ಮುಂಚೆ ತನ್ನ ಹಾಡು ತನ್ನ ಬೆರಳಿನಿಂದಲೇ ಲೋಕಕ್ಕೆ ಹೋಗುವುದನ್ನು ನೋಡಿದ.

ಮೆಟ್ನರ್ ಮುಂದೆಯೂ ಕೆಲವು ದಶಕ ಮರೆಯಲ್ಲಿದ್ದ. ಆದರೆ ಹುಡುಕಿದವರಿಗೆ ಸಿಗಲು ಆ ರೆಕಾರ್ಡುಗಳಿದ್ದವು. 1990ರ ದಶಕದಿಂದ ಪಿಯಾನೊ ವಾದಕರು ಅವನನ್ನು ಮತ್ತೆ ಎತ್ತಿಕೊಂಡರು. ಈಚಿನ ವರ್ಷಗಳಲ್ಲಿ ಗಾಯಕಿ ಎಕತೆರಿನಾ ಲೆವೆಂಟಲ್ ಮತ್ತು ಪಿಯಾನೊ ವಾದಕ ಫ್ರಾಂಕ್ ಪೀಟರ್ಸ್ ಅವನ ಹಾಡುಗಳನ್ನೆಲ್ಲ ಸಂಪುಟ ಸಂಪುಟವಾಗಿ ಹೊಸದಾಗಿ ಧ್ವನಿಮುದ್ರಿಸುವ ಕೆಲಸ ಹಿಡಿದರು. ಹೊಸ ಗಾಯಕಿಗೆ ದಾರಿ ತೋರಿಸಲು ಹಾಡು ಕಟ್ಟಿದವನೇ ನುಡಿಸಿದ ಮುದ್ರಿಕೆ ಇದೆ, ಅಚ್ಚಾದ ಸ್ವರಲಿಪಿ ಇದೆ. ಆ ಮುದ್ರಿಕೆ ಮೈಸೂರಿನ ದುಡ್ಡು ಕೊಟ್ಟ ಕೊಡುಗೆ.

ಮೆಟ್ನರನ ರೆಕಾರ್ಡುಗಳು ತಯಾರಾದ ಆ ವರ್ಷಗಳಲ್ಲಿ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ಬದುಕಿದ್ದರು, ಅದೇ ಮೈಸೂರು ಸಂಸ್ಥಾನದ ಪ್ರಜೆಯಾಗಿ. ಮಹಾರಾಜರನ್ನು ದೂರುವುದಕ್ಕೆ ಈ ಮಾತಲ್ಲ. ಅವರು ಮೆಚ್ಚಿದ್ದನ್ನು ಅವರು ಉಳಿಸಿದರು. ಲಕ್ಷಾಂತರ ಜನ ಟಿಕೆಟ್ ಕೊಂಡು, ‘ಒನ್ಸ್ ಮೋರ್’ ಕೂಗಿ ಮೆಚ್ಚಿದ್ದನ್ನು ಉಳಿಸುವ ಹೊಣೆ ಆ ಜನರದೂ ಅವರ ಮಕ್ಕಳದೂ ಆಗಿತ್ತು.

ಪಕ್ಕದ ಮರಾಠಿಗರು ಆ ಹೊಣೆ ಹೊತ್ತರು. ಅಣ್ಣಾಸಾಹೇಬ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1880ರಲ್ಲಿ ಅವರು ಆಡಿಸಿದ ‘ಶಾಕುಂತಲ’ದಿಂದ ಬೆಳೆದ ನಾಟ್ಯಗೀತೆಗಳು ಬಾಲಗಂಧರ್ವರಿಂದ ಗ್ರಾಮಫೋನಿಗೆ ಬಂದವು, ಅಲ್ಲಿಂದ ಕಛೇರಿಗೆ ಏರಿದವು. ಭೀಮಸೇನ ಜೋಶಿ, ವಸಂತರಾವ್ ದೇಶಪಾಂಡೆ, ಜಿತೇಂದ್ರ ಅಭಿಷೇಕಿ ಅವರಂಥವರು ಖಯಾಲ್ ಮುಗಿಸಿ ನಾಟ್ಯಗೀತೆ ಹಾಡಿದರು. ಹಾಡಿನ ಜೊತೆ ನಾಟಕಕಾರನ ಹೆಸರೂ ಉಳಿಯಿತು. ನಮ್ಮ ಕಛೇರಿ ವೇದಿಕೆ ಕಂಪನಿ ಹಾಡನ್ನು ಬಳಿಗೆ ಬಿಟ್ಟುಕೊಳ್ಳಲಿಲ್ಲ. ಶಾಸ್ತ್ರೀಯದವರಿಗೆ ಅದು ನಾಟಕದ್ದು, ನವ್ಯ ರಂಗಭೂಮಿಗೆ ಅದು ಹಳತು, ಸಿನಿಮಾಕ್ಕೆ ಅದು ಉದ್ದ. ಹೀಗೆ ಮೂವರೂ ಕೈಬಿಟ್ಟರು.

ಪೂರ್ತಿ ಬರಿದಾಗಲಿಲ್ಲ ಎಂಬುದಕ್ಕೆ ಕೆಲವರಿಗೆ ಕನ್ನಡನಾಡು ಋಣಿಯಾಗಿರಬೇಕು. ಮೊದಲ ಹೆಸರು ಬಿ. ಜಯಶ್ರೀ, ಗುಬ್ಬಿ ವೀರಣ್ಣನವರ ಮೊಮ್ಮಗಳು. ತಾಯಿ ಜಿ.ವಿ. ಮಾಲತಮ್ಮನವರ ಕಾಲದಿಂದ ಕಿವಿಗೆ ಬಿದ್ದ ಹಾಡುಗಳನ್ನು ಅವರು ನಾಟಕದ ಹೊರಗೂ, ರಂಗಗೀತೆಯ ಕಾರ್ಯಕ್ರಮವಾಗಿಯೇ ಊರೂರಿನಲ್ಲಿ ಹಾಡಿದರು, ಧ್ವನಿಮುದ್ರಿಸಿದರು. ಅಜ್ಜನ ಕಂಪನಿಯ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದರು. ತೆಳುವಾದ ಇಂಪು ದನಿಗೆ ಒಗ್ಗಿದ ಕಿವಿಗೆ ಅವರ ದನಿ ಮೊದಲು ಒರಟೆನಿಸಬಹುದು, ಎರಡನೆಯ ಹಾಡಿಗೆ ಅದೇ ಸರಿಯೆನಿಸುತ್ತದೆ. ಕಂಪನಿ ಹಾಡಿಗೆ ಎದೆಯಿಂದ ಬರುವ ದನಿ ಬೇಕು. ಮೈಸೂರಿನ ಆರ್. ಪರಮಶಿವನ್ ಬಾಲ್ಯದಿಂದ ಕಂಪನಿಯಲ್ಲೇ ಬೆಳೆದ ಹಾರ್ಮೋನಿಯಂ ಕಲಾವಿದರು. ಹಳೆಯ ಮಟ್ಟುಗಳನ್ನು ನೆನಪಿನಿಂದ ಎತ್ತಿ ಹೊಸ ತಲೆಮಾರಿನ ನಟರಿಗೆ ದಾಟಿಸಿದರು. ಉತ್ತರದಲ್ಲಿ ಶತಾಯುಷಿ ಏಣಗಿ ಬಾಳಪ್ಪ, ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ಕೊನೆಯವರೆಗೂ ರಂಗಗೀತೆ ಹಾಡಿದರು. 2017ರಲ್ಲಿ ಬಾಳಪ್ಪ ಹೋದರು, 2020ರಲ್ಲಿ ಸುಭದ್ರಮ್ಮ. ಅಂಥ ಒಂದೊಂದು ಸಾವಿನೊಂದಿಗೆ ಎಷ್ಟು ಮಟ್ಟುಗಳು ಹೋಗುತ್ತವೆ ಎಂದು ಎಣಿಸಿದವರಿಲ್ಲ.

ಹಳೆಯ ತಟ್ಟೆಗಳ ಕಡೆಯಿಂದಲೂ ಕೆಲಸ ನಡೆದಿದೆ. ಗಾಯಕಿ ಗೌಹರ್ ಜಾನ್ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ 78 ಆರ್‌ಪಿಎಂ ರೆಕಾರ್ಡುಗಳನ್ನು ಡಿಜಿಟಲ್ ಮಾಡಿ ಜನರಿಗೆ ಕೇಳಿಸುತ್ತಿದೆ. ಶಾಸ್ತ್ರೀಯ ಸಂಗೀತದ ಜೊತೆಗೆ ರಂಗಭೂಮಿಯ ಮುದ್ರಿಕೆಗಳಿಗೂ ಅಲ್ಲಿ ಜಾಗವಿದೆ. ಗೌಹರ್ ಜಾನ್ ಕೊನೆಯುಸಿರೆಳೆದದ್ದು ಮೈಸೂರಿನಲ್ಲೇ, 1930ರಲ್ಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಅವಳ ದನಿ ಇಂದು ಮೊಬೈಲಿನಲ್ಲಿ ಸಿಗುತ್ತದೆ. 1934ರ ಬೆಳ್ಳಾವೆಯವರ ಹಾಡು ಹಾಗೆ ಸುಲಭವಾಗಿ ಸಿಗುವುದಿಲ್ಲ.

ಹಳೆಯ ರೆಕಾರ್ಡು ಸಿಕ್ಕರೂ ಕೆಲಸ ಅರ್ಧವೇ. ಅರಗು ಬೆರೆಸಿದ ಆ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ರಂಗದ ಮೇಲೆ ಹತ್ತು ನಿಮಿಷ ಅರಳುತ್ತಿದ್ದ ಹಾಡನ್ನು ಗಾಯಕ ಓಡುತ್ತ ಹಾಡಿ ಮುಗಿಸಬೇಕಿತ್ತು. ಚರಣ ಬಿಡುತ್ತಿದ್ದರು, ಆಲಾಪ ಕತ್ತರಿಸುತ್ತಿದ್ದರು. ತಟ್ಟೆ ತಿರುಗುವ ವೇಗ ಕೊಂಚ ಹೆಚ್ಚು ಕಡಿಮೆಯಾದರೂ ಶ್ರುತಿ ಬದಲಾಗುತ್ತದೆ. ಜೊತೆಯಲ್ಲಿರುವ ಹಾರ್ಮೋನಿಯಂ ಸ್ವರಕ್ಕೆ ಹೊಂದಿಸಿ ನೋಡಿಯೇ ಗಾಯಕನ ನಿಜವಾದ ಶ್ರುತಿ ಗೊತ್ತುಮಾಡಬೇಕು. ಆಮೇಲೆ ಹಾಡಿನ ಪುಸ್ತಕ ಹುಡುಕಿ ಬಿಟ್ಟುಹೋದ ಚರಣ ಸೇರಿಸಬೇಕು. ಕೊನೆಗೆ ಅದೇ ಹಾಡನ್ನು ಹಳ್ಳಿಯ ಮೇಷ್ಟ್ರು ಹೇಗೆ ಕಲಿಸುತ್ತಾರೆ ಎಂದು ಕೇಳಬೇಕು. ಮೂರೂ ಕಡೆ ಮೂರು ರೂಪ ಸಿಕ್ಕರೆ ಅಚ್ಚರಿಯಿಲ್ಲ. ಅವುಗಳಲ್ಲಿ ಒಂದನ್ನು ‘ಶುದ್ಧ’ ಎಂದು ಆರಿಸಿ ಉಳಿದವನ್ನು ಎಸೆಯುವ ಬದಲು ಮೂರನ್ನೂ ದಾಖಲಿಸುವುದೇ ಸರಿ.

ಹೊಸ ಧ್ವನಿಮುದ್ರಿಕೆ ಏಕೆ ಬೇಕು, ಹಳೆಯದನ್ನೇ ತೊಳೆದು ಕೇಳಿಸಿದರೆ ಸಾಲದೇ ಎಂಬ ಪ್ರಶ್ನೆ ಏಳುತ್ತದೆ. ಸಾಲದು. ಗರಗರ ಸದ್ದಿನ ನಡುವೆ ಕೇಳುವ ಹಾಡನ್ನು ಸಂಶೋಧಕ ಕೇಳುತ್ತಾನೆ. ಶಾಲೆಯ ಹುಡುಗಿ ಅದನ್ನು ಕಲಿತು ವಾರ್ಷಿಕೋತ್ಸವದಲ್ಲಿ ಹಾಡಬೇಕಾದರೆ ಪದ ಸ್ಪಷ್ಟವಾಗಿ ಕೇಳುವ, ಇಂದಿನ ಕಂಠದ, ಪೂರ್ತಿ ಚರಣಗಳ ಮುದ್ರಿಕೆ ಬೇಕು. ಇದರಲ್ಲಿ ಒಂದು ಎಚ್ಚರವೂ ಬೇಕು. ಕೀಬೋರ್ಡು, ರಿದಂ ಪ್ಯಾಡುಗಳ ಗದ್ದಲದಲ್ಲಿ ರಂಗಗೀತೆಯನ್ನು ಅದ್ದಿ ತೆಗೆದರೆ ಉಳಿಯುವುದು ಧಾಟಿ ಮಾತ್ರ. ಹಾರ್ಮೋನಿಯಂ, ತಬಲಾ, ಒಂದು ಪಿಟೀಲು ಇಷ್ಟೇ ಇಟ್ಟುಕೊಂಡು ಹಾಡಿದರೆ ಬೆಳ್ಳಾವೆಯವರ ಪದ ನೆಲ ಮುಟ್ಟುತ್ತದೆ.

ಕಾನೂನಿನ ತೊಡಕೂ ಈಗ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ ವರ್ಷದ ನಂತರ 60 ವರ್ಷ ಅವನ ಕೃತಿಗೆ ಹಕ್ಕಿನ ರಕ್ಷಣೆ. ಧ್ವನಿಮುದ್ರಿಕೆಗೆ ಹೊರಬಂದ ವರ್ಷದ ನಂತರ 60 ವರ್ಷ. ನರಹರಿ ಶಾಸ್ತ್ರಿಗಳು ತೀರಿಕೊಂಡದ್ದು 1961ರಲ್ಲಿ. ಅವರು ಪ್ರಕಟಿಸಿದ ಹಾಡುಗಳು 2022ರ ಜನವರಿ 1ರಿಂದ ಎಲ್ಲರ ಸ್ವತ್ತು. ಯಾವ ಕಾಲೇಜಿನ ಸಂಗೀತ ವಿಭಾಗವೂ, ಯಾವ ಹಳ್ಳಿಯ ನಾಟಕ ಸಂಘವೂ ಯಾರ ಅಪ್ಪಣೆಯನ್ನೂ ಕೇಳದೆ ಅವನ್ನು ಹಾಡಬಹುದು, ಮುದ್ರಿಸಬಹುದು, ಹಂಚಬಹುದು.

ಜಾಗವೂ ಇದೆ. ತುಮಕೂರು ನಗರದಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ, 2004ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವಿದೆ. ಮಹಾರಾಜರ ಖಜಾನೆಯಂಥದ್ದೇನೂ ಬೇಡ. ಒಳ್ಳೆಯ ಮೈಕು, ಸದ್ದಿಲ್ಲದ ಒಂದು ಕೋಣೆ, ಇಬ್ಬರು ಮೂವರು ಹಿರಿಯ ಹಾರ್ಮೋನಿಯಂ ಮೇಷ್ಟ್ರು, ಕಲಿಯಲು ಸಿದ್ಧವಾದ ನಾಲ್ಕು ಎಳೆಯ ಕಂಠ ಇದ್ದರೆ ಒಂದು ಬೇಸಿಗೆ ರಜೆಯಲ್ಲಿ ಹತ್ತಾರು ಹಾಡು ಮತ್ತೆ ಉಸಿರಾಡಬಹುದು. ಬೇಕಾದದ್ದು ಶುರುಮಾಡುವ ಒಬ್ಬರು.

ಅದಕ್ಕೂ ಮುಂಚೆ ಓದುಗರು ಮಾಡಬಹುದಾದ ಕೆಲಸವೊಂದಿದೆ. ಬೆಳ್ಳಾವಿ, ಗುಬ್ಬಿ, ಕುಣಿಗಲ್ ಸುತ್ತಿನ ಯಾರ ಮನೆಯ ಅಟ್ಟದ ಮೇಲಾದರೂ ನಾಟಕದ ಹಾಡಿನ ಹರಿದ ಪುಸ್ತಕವೋ, ಅಜ್ಜ ಕೈಯಾರೆ ಬರೆದ ಪಾತ್ರದ ನೋಟ್‌ಬುಕ್ಕೋ, ಕರಿ ತಟ್ಟೆಯೋ ಇದ್ದರೆ ಗುಜರಿಗೆ ಹಾಕಬೇಡಿ. ಊರಿನಲ್ಲಿ ಎಪ್ಪತ್ತು ದಾಟಿದ ಹಾರ್ಮೋನಿಯಂ ಮೇಷ್ಟ್ರಿದ್ದರೆ ಈ ಭಾನುವಾರವೇ ಹೋಗಿ ಅವರ ಮುಂದೆ ಫೋನು ಇಡಿ. ಮೊದಲು ನಾಟಕದ ಹೆಸರು, ಹಾಡು ಬರೆದವರ ಹೆಸರು, ತಮಗೆ ಕಲಿಸಿದವರ ಹೆಸರು ಹೇಳಲಿ. ಆಮೇಲೆ ಹಾಡಲಿ.